ಅರ್ಧಿಂಚಣ್ಣನ ಮಾರ್ಜಿನ್

ಪುಸ್ತಕದ ಬದಿ ಕತ್ತರಿಸುವ ಮೊದಲು ಅವರು ಉಕ್ಕಿನ ಅಳತೆಪಟ್ಟಿಯನ್ನು ಪುಟದ ಮೇಲಿಟ್ಟು ಒಮ್ಮೆ ನೋಡುತ್ತಾರೆ. ಸಾಲಿನ ಕೊನೆಯ ಅಕ್ಷರಕ್ಕೂ ಬ್ಲೇಡು ಇಳಿಯುವ ಗೆರೆಗೂ ನಡುವೆ ಅರ್ಧ ಇಂಚು ಇರಬೇಕು. ಇದ್ದರೆ ಕಟಿಂಗ್ ಮೆಷಿನ್ನಿನ ಚಕ್ರ ತಿರುಗುತ್ತದೆ. ಇಲ್ಲದಿದ್ದರೆ ಗಿರಾಕಿಯ ಜೊತೆ ಮಾತು ಶುರುವಾಗುತ್ತದೆ.

ಪುಸ್ತಕ ಚೀಲದಲ್ಲಿ ಹಿಡಿಸಬೇಕು, ಕಪಾಟಿನಲ್ಲಿ ಕೂರಬೇಕು, ನೋಡೋಕೆ ಚೊಕ್ಕವಾಗಿರಬೇಕು, ಇನ್ನೊಂದಿಷ್ಟು ಕತ್ತರಿಸಿ ಎಂದು ಗಿರಾಕಿಗಳು ಕೇಳುತ್ತಾರೆ. ಓದುವಾಗ ಹೆಬ್ಬೆರಳು ಎಲ್ಲಿಡುತ್ತೀರಿ ಎಂಬುದು ಆಗ ಈ ಬೈಂಡರ್ ಕೇಳುವ ಮೊದಲ ಪ್ರಶ್ನೆ. ಇನ್ನು ಇಪ್ಪತ್ತು ವರ್ಷಕ್ಕೆ ಇದು ಮತ್ತೆ ಬೈಂಡಿಂಗಿಗೆ ಬರುತ್ತದೆ, ಆಗಿನ ಬೈಂಡರಿಗೆ ಕತ್ತರಿಸೋಕೆ ಏನು ಬಿಟ್ಟಿರುತ್ತೀರಿ ಎಂಬುದು ಎರಡನೆಯದು. ಕೊನೆಗೆ ಅರ್ಧ ಇಂಚು ಉಳಿದೇ ಉಳಿಯುತ್ತದೆ. ಹೀಗಾಗಿ ಬೀದಿಯ ಜನ ಅವರಿಗೆ ಅರ್ಧಿಂಚಣ್ಣ ಎಂದು ಹೆಸರಿಟ್ಟು ಮೂವತ್ತು ವರ್ಷವಾಯಿತು. ಆಳೇನೂ ಗಿಡ್ಡನಲ್ಲ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.

ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಎದುರಿಗೆ ಮೆಷಿನ್ನು, ಎಡಕ್ಕೆ ಹೊಲಿಗೆಯ ಚೌಕಟ್ಟು, ಬಲಕ್ಕೆ ರಟ್ಟಿನ ರಾಶಿ. ಕಿಟಕಿಯ ಕೆಳಗೆ ಗೋಂದಿನ ಡಬ್ಬಿ, ಅದರ ಪಕ್ಕ ದಾರ, ದಬ್ಬಣ, ಮೇಣದ ಉಂಡೆ. ಎರಡು ಬೀದಿಯಾಚೆ ಕಾಲೇಜು ಇರುವುದರಿಂದ ವರ್ಷಕ್ಕೊಮ್ಮೆ ಪ್ರಬಂಧಗಳ ಸುಗ್ಗಿ, ಉಳಿದಂತೆ ಹಳೆಯ ಪುಸ್ತಕಗಳ ರಿಪೇರಿ.

ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದಾರೆ. ಗೋಡೆಯುದ್ದಕ್ಕೂ ಇರುವ ಗೂಡುಗಳಿಗೆ ವಿಳಾಸ ನೋಡಿ ಕಾಗದ ಹಾಕುವುದು. ಎಂಥ ಕೋಳಿಕಾಲಿನ ಬರಹವನ್ನೂ ಓದುತ್ತಾರೆ. ಬೀದಿಯವರಿಗೆ ಅವರು ಅಂಚೆಯಕ್ಕ. ಯಾರಾದರೂ ಗಂಡ ಹೆಂಡಿರ ಬಗ್ಗೆ ಕೇಳಿದರೆ, ನಾನು ಅಂಚೆ, ಅವರು ಅಂಚು, ಇಬ್ಬರಿಗೂ ವ್ಯತ್ಯಾಸ ಏನಂದರೆ ಅವರಿಗೆ ಕೊಂಬಿದೆ ಎಂದು ಹೇಳಿ ತಾವೇ ಮೊದಲು ನಗುತ್ತಾರೆ.

ಅರ್ಧಿಂಚಣ್ಣನಿಗೆ ಐವತ್ತೆಂಟಾದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಮಂದ ನೋವು ಕಾಣಿಸಿಕೊಂಡಿತು. ಚಕ್ರ ತಿರುಗಿಸುವ ಕೈಯೂ ಬಲಗೈಯೇ. ಆದ್ದರಿಂದ ಅದು ಮೆಷಿನ್ನಿನ ನೋವು ಎಂದು ಅವರು ನಿರ್ಧರಿಸಿದರು. ಎರಡು ತಿಂಗಳು ಎಡಗೈಯಲ್ಲಿ ತಿರುಗಿಸಿ ನೋಡಿದರು. ನೋವು ಬಲಗಡೆಯೇ ಉಳಿಯಿತು. ಅಂಚೆಯಕ್ಕ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮೊದಲ ಸ್ಕ್ಯಾನಿನ ಚೀಟಿಯಲ್ಲಿ ಇದ್ದ ಪದ ಲೀಷನ್. ಆಸ್ಪತ್ರೆಯ ಬಾಗಿಲಲ್ಲೇ ಎದುರಾದ ಪರಿಚಯದವರೊಬ್ಬರು ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡರು. ಇನ್ನೊಬ್ಬರು ಏನಿಲ್ಲ, ಕೊಬ್ಬು ಅಂದರು. ಮನೆಗೆ ಬರುವ ಹೊತ್ತಿಗೆ ಒಂದೇ ಪದಕ್ಕೆ ನಾಲ್ಕು ಅರ್ಥ ಸಿಕ್ಕಿದ್ದವು. ಅವತ್ತೇ ಗಂಡ ಹೆಂಡತಿ ಒಂದು ನಿಯಮ ಮಾಡಿಕೊಂಡರು: ಪದ ಹೇಳಿದವರನ್ನೇ ಅದರ ಅರ್ಥ ಕೇಳುವುದು, ಬೀದಿಯಲ್ಲಿ ಯಾರನ್ನೂ ಕೇಳಬಾರದು. ಅರ್ಧಿಂಚಣ್ಣ ಕತ್ತರಿಸಿ ಉಳಿದ ಒಳ್ಳೆಯ ಕಾಗದವನ್ನು ನಾಲ್ಕು ಫಾರಂ, ಅಂದರೆ ಹಾಳೆಗಳ ನಾಲ್ಕು ಮಡಿಕೆ ಕಟ್ಟು ಮಾಡಿ, ಹೊಲಿದು, ನೀಲಿ ಕ್ಯಾಲಿಕೋ ಬಟ್ಟೆ ಹಚ್ಚಿ ಒಂದು ನೋಟ್‌ಬುಕ್ ಮಾಡಿದರು. ಅದಕ್ಕೂ ಸುತ್ತ ಅರ್ಧ ಇಂಚು ಮಾರ್ಜಿನ್ ಗೆರೆ ಎಳೆದರು. ಎಡಪುಟದಲ್ಲಿ ಪದ, ಬಲಪುಟದಲ್ಲಿ ಅರ್ಥ. ವೈದ್ಯರ ಬರಹ ಓದುವುದು ಅಂಚೆಯಕ್ಕನ ಕೆಲಸ, ಬರೆಯುವುದು ಅವರದು.

ಲೀಷನ್ ಎಂದರೆ ಕಲೆ, ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಜಾಗ; ಅದು ಒಳ್ಳೆಯದೋ ಕೆಟ್ಟದ್ದೋ ಪದದಿಂದ ತಿಳಿಯುವುದಿಲ್ಲ. ಇದು ಮೊದಲನೆಯ ನಮೂದು. ಎರಡನೆಯದು ಹೆಪಟೈಟಿಸ್ ಬಿ ಪಾಸಿಟಿವ್. ಯಕೃತ್ತಿಗೆ ತಗಲುವ ವೈರಸ್ ಅವರ ರಕ್ತದಲ್ಲಿತ್ತು, ಬಹುಶಃ ಹುಟ್ಟಿದಾಗಿನಿಂದ, ಒಂದು ದಿನವೂ ಸದ್ದು ಮಾಡದೆ. ಪಾಸಿಟಿವ್ ಎಂದ ಕೂಡಲೇ ಅರ್ಧಿಂಚಣ್ಣ ಸಮಾಧಾನದ ಉಸಿರು ಬಿಟ್ಟಿದ್ದರು. ವೈದ್ಯರು ಅದು ಒಳ್ಳೆಯ ಸುದ್ದಿಯಲ್ಲ, ವೈರಸ್ ಇದೆ ಅಂತ ಅರ್ಥ ಎಂದು ತಿದ್ದಿದರು. ಹೆಂಡತಿ ಮತ್ತು ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು ಇಬ್ಬರ ರಕ್ತವೂ ನೆಗೆಟಿವ್ ಬಂತು, ಇಬ್ಬರಿಗೂ ಲಸಿಕೆ ಹಾಕಿದರು. ಅದನ್ನೂ ಅವರು ಬರೆದುಕೊಂಡರು: ವೈರಸ್ ನೆಗೆಟಿವ್, ವೈರಸ್ ಇಲ್ಲ, ಒಳ್ಳೆಯದು.

ಚಿಕಿತ್ಸೆಯ ಹೊಣೆ ಹೊತ್ತವರು ಒಬ್ಬ ಸರ್ಜನ್ ಮೇಡಂ. ನಲವತ್ತೈದರ ಆಸುಪಾಸಿನವರು, ಕಡಿಮೆ ಮಾತು, ಕೇಳಿದ್ದಕ್ಕೆ ಮಾತ್ರ ಪೂರ್ತಿ ಉತ್ತರ. ಅವರು ಬಣ್ಣದ ದ್ರವ ಕೊಟ್ಟು ತೆಗೆದ ಸಿ.ಟಿ. ಸ್ಕ್ಯಾನನ್ನು ಬೆಳಕಿನ ಮುಂದೆ ಹಿಡಿದು ತೋರಿಸಿದರು. ಕಲೆ ಮೂರೂವರೆ ಸೆಂಟಿಮೀಟರ್. ದ್ರವ ಕೊಟ್ಟ ಕೂಡಲೇ ಅದು ಸುತ್ತಲಿನ ಯಕೃತ್ತಿಗಿಂತ ಮೊದಲು ಬೆಳಗುತ್ತದೆ, ಸುತ್ತಲಿನದು ಬೆಳಗುವ ಹೊತ್ತಿಗೆ ಅದು ಮಂಕಾಗಿರುತ್ತದೆ. ಬೇಗ ಹಿಡಿದು ಬೇಗ ಬಿಡುವ ಈ ಗುಣವೇ ಗುರುತು, ನಿಮ್ಮ ವಿಷಯದಲ್ಲಿ ಸೂಜಿ ಹಾಕಿ ತುಣುಕು ತೆಗೆದು ನೋಡುವ ಅಗತ್ಯವಿಲ್ಲ, ಇದು ಕ್ಯಾನ್ಸರ್ ಎಂದರು.

ಅರ್ಧಿಂಚಣ್ಣ ಚಿತ್ರದ ಹತ್ತಿರಕ್ಕೆ ಬಾಗಿ ನೋಡಿ, ಕಳಪೆ ಕ್ಯಾಲಿಕೋ ಕೂಡ ಹೀಗೇ ಮೇಡಂ, ಬಣ್ಣ ಬೇಗ ಕುಡಿಯುತ್ತೆ, ಬೇಗ ಬಿಡುತ್ತೆ ಅಂದರು. ಆಮೇಲೆ ನೋಟ್‌ಬುಕ್ ತೆರೆದರು. ಪಕ್ಕದಲ್ಲಿ ಅಂಚೆಯಕ್ಕ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

ನಂತರದ ವಾರಗಳಲ್ಲಿ ಪುಟಗಳು ತುಂಬಿದವು. ಪ್ರೈಮರಿ ಎಂದರೆ ಶಾಲೆಯ ಹಾಗೆ ಚಿಕ್ಕದು, ಸೆಕೆಂಡರಿ ದೊಡ್ಡದು ಎಂದುಕೊಂಡಿದ್ದರು. ಹಾಗಲ್ಲ, ಯಕೃತ್ತಿನಲ್ಲೇ ಹುಟ್ಟಿದ್ದು ಪ್ರೈಮರಿ, ಬೇರೆ ಅಂಗದಿಂದ ವಲಸೆ ಬಂದದ್ದು ಸೆಕೆಂಡರಿ. ಸ್ಟೇಜ್ ಎಂದರೆ ಎಷ್ಟು ದೊಡ್ಡದು, ಎಷ್ಟು ಹರಡಿದೆ ಎಂಬ ಲೆಕ್ಕ. ವಯಸ್ಸಿದ್ದಾಗ ಸ್ಟೇಜ್ ಹತ್ತದವರು ಈಗ ಹತ್ತಿದ್ದೀರಿ ಎಂದು ಹೆಂಡತಿ ಅಂದದ್ದನ್ನು ಅವರು ಬರೆದುಕೊಳ್ಳಲಿಲ್ಲ. ಸಿರೋಸಿಸ್ ಎಂದರೆ ಯಕೃತ್ತು ಗಾಯದ ಮೇಲೆ ಗಾಯವಾಗಿ ಗಂಟುಗಂಟಾಗಿ ಗಟ್ಟಿಯಾಗುವುದು. ಅವರಿಗೆ ಅದು ಇರಲಿಲ್ಲ. ಎ.ಎಫ್.ಪಿ. ಎಂಬುದು ರಕ್ತದಲ್ಲಿ ಅಳೆಯುವ ಒಂದು ಪ್ರೊಟೀನು. ಈ ಕ್ಯಾನ್ಸರಿನಲ್ಲಿ ಅನೇಕರಿಗೆ ಏರುತ್ತದೆ, ಎಲ್ಲರಿಗೂ ಅಲ್ಲ. ಹಳೆಯ ಪಠ್ಯಪುಸ್ತಕವೊಂದರಲ್ಲಿ ಲಿವರಿಗೆ ಪಿತ್ತಜನಕಾಂಗ ಎಂದಿದ್ದುದನ್ನು ತೋರಿಸಿದಾಗ ಅಂಚೆಯಕ್ಕ, ಸದ್ಯ, ನಿಮ್ಮ ಪಿತ್ತ ನೆತ್ತಿಗೇರೋ ದಾರಿ ಎಲ್ಲಿಂದ ಶುರು ಅಂತ ಈಗ ಗೊತ್ತಾಯ್ತು ಅಂದರು.

ಯಕೃತ್ತಿಗೆ ಎಂಟು ಭಾಗಗಳಿವೆ, ಒಂದೊಂದಕ್ಕೂ ಅದರದೇ ರಕ್ತನಾಳ ಎಂದು ಮೇಡಂ ಹೇಳಿದ್ದು ಅವರಿಗೆ ಬಹಳ ಹಿಡಿಸಿತು. ಪುಸ್ತಕವೂ ಹಾಗೆಯೇ. ಹೊರಗಿನಿಂದ ಒಂದೇ ಗಟ್ಟಿ, ಒಳಗೆ ಫಾರಂ ಫಾರಮಾಗಿ ಮಡಿಸಿ, ಒಂದೊಂದನ್ನೂ ಬೇರೆಯಾಗಿ ಹೊಲಿದದ್ದು. ಕೆಟ್ಟ ಫಾರಮನ್ನು ಬಿಚ್ಚಿ ತೆಗೆದರೆ ಉಳಿದದ್ದು ನಿಲ್ಲುತ್ತದೆ. ಅವರ ಕಲೆ ಇದ್ದದ್ದು ಆರನೆಯ ಭಾಗದಲ್ಲಿ.

ದಾರಿಗಳು ಮೂರಿದ್ದವು. ಸೂಜಿಯ ತುದಿಯ ಶಾಖದಿಂದ ಸುಡುವುದು ಅಬ್ಲೇಷನ್, ಇದು ಸಣ್ಣ ಗಡ್ಡೆಗಳಿಗೆ ಚೆನ್ನು. ಗಡ್ಡೆಗೆ ರಕ್ತ ಕೊಡುವ ನಾಳದೊಳಗೆ ಔಷಧಿ ಬಿಟ್ಟು ಅದೇ ನಾಳವನ್ನು ಮುಚ್ಚುವುದು ಎಂಬೊಲೈಜೇಷನ್. ಕತ್ತರಿಸಿ ತೆಗೆಯುವುದು ರಿಸೆಕ್ಷನ್. ಒಂದೇ ಗಡ್ಡೆ, ಗಟ್ಟಿಯಾಗದ ಯಕೃತ್ತು, ಆದ್ದರಿಂದ ಆರು ಮತ್ತು ಏಳನೆಯ ಭಾಗ ತೆಗೆಯುವುದು ಸರಿ ಎಂಬುದು ಮೇಡಂ ಅಭಿಪ್ರಾಯ. ಉಳಿದದ್ದು ಕೆಲವು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ ಎಂದೂ ಹೇಳಿದರು. ಕತ್ತರಿಸಿದ ಪುಸ್ತಕ ಬೆಳೆಯೋದನ್ನ ನಾನಂತೂ ನೋಡಿಲ್ಲ ಎಂದು ಅರ್ಧಿಂಚಣ್ಣ ತಲೆಯಾಡಿಸಿದರು.

ಮೇಡಂ ಮುಂದುವರಿಸಿ, ಗಡ್ಡೆಯನ್ನಷ್ಟೇ ಕೆತ್ತಿ ತೆಗೆಯುವುದಿಲ್ಲ, ಸುತ್ತ ಒಂದಿಷ್ಟು ಆರೋಗ್ಯವಾಗಿರುವ ಭಾಗವನ್ನೂ ಸೇರಿಸಿಯೇ ತೆಗೆಯುತ್ತೇವೆ, ಅದಕ್ಕೆ ಮಾರ್ಜಿನ್ ಅನ್ನುತ್ತೇವೆ ಎಂದರು.

ಅರ್ಧಿಂಚಣ್ಣ ಪೆನ್ನು ಕೆಳಗಿಟ್ಟರು.

"ಮಾರ್ಜಿನ್ ಬಿಡ್ತೀರಾ? ಎಷ್ಟು ಬಿಡ್ತೀರಿ ಮೇಡಂ?"

"ಆದಷ್ಟು ಒಂದು ಸೆಂಟಿಮೀಟರ್."

"ಅರ್ಧ ಇಂಚು ಮಾಡಿ."

ಅಂಚೆಯಕ್ಕ ಗಂಡನ ತೊಡೆ ಚಿವುಟಿದರು. ಮೇಡಂ ಮೊದಲ ಸಲ ನಕ್ಕು, ಒಳಗೆ ಹೋದಾಗ ಜಾಗ ಇದ್ದರೆ ನೋಡೋಣ ಅಂದರು. ಆ ಪದದ ಎದುರು ಅವರು ಅರ್ಥ ಬರೆದುಕೊಳ್ಳಲಿಲ್ಲ. ಗೊತ್ತಿರುವುದನ್ನು ಯಾರು ಬರೆಯುತ್ತಾರೆ.

ಶಸ್ತ್ರಚಿಕಿತ್ಸೆ ಐದು ಗಂಟೆ ನಡೆಯಿತು. ಹನ್ನೊಂದನೆಯ ದಿನ ಮನೆಗೆ ಬಂದರು. ವಾರ್ಡಿನಲ್ಲಿ ಮೇಡಂ ಚೆನ್ನಾಗಾಗಿದೆ ಎಂದು ಹೇಳಿದ್ದರು. ಪ್ರಯೋಗಾಲಯದ ವರದಿ ಆಗಿನ್ನೂ ಬಂದಿರಲಿಲ್ಲ. ಅದು ಸಿಕ್ಕಿದ್ದು ಹೊಲಿಗೆ ಬಿಚ್ಚಿದ ದಿನ. ಅವತ್ತು ಮೇಡಂ ರಜೆಯಲ್ಲಿದ್ದರು. ಕಿರಿಯ ವೈದ್ಯರೊಬ್ಬರು ಹೊಲಿಗೆ ನೋಡಿ, ಎಲ್ಲ ಸರಿಯಿದೆ ಎಂದು ಒಂದು ಹಾಳೆಯ ಸಾರಾಂಶ ಕೊಟ್ಟು, ಎರಡು ತಿಂಗಳಾದ ಮೇಲೆ ಸ್ಕ್ಯಾನಿಗೆ ಬರಬೇಕಾದ ತಾರೀಖನ್ನು ಕಾರ್ಡಿನಲ್ಲಿ ಬರೆದು, ಮುಂದಿನವರನ್ನು ಕರೆದರು. ಅಂಚೆಯಕ್ಕ ಔಷಧಿಯ ಕಿಟಕಿಯ ಸಾಲಿನಲ್ಲಿದ್ದರು. ಅರ್ಧಿಂಚಣ್ಣ ಬೆಂಚಿನ ಮೇಲೆ ಕೂತು ಹಾಳೆಯನ್ನು ತಾವೇ ಓದಿದರು. ಒಂದೊಂದಾಗಿ ಎಲ್ಲವೂ ಪರಿಚಯದ ಪದಗಳೇ. ಪ್ರೈಮರಿ, ಆರನೆಯ ಭಾಗ, ಏಳನೆಯ ಭಾಗ, ರಿಸೆಕ್ಷನ್. ಕೊನೆಯ ಸಾಲಿನಲ್ಲಿ, ಮಾರ್ಜಿನ್ ನೆಗೆಟಿವ್.

ಅವರು ಅದನ್ನು ಇನ್ನೊಮ್ಮೆ ಓದಿದರು.

ಅವರ ತರ್ಕ ಹೀಗಿತ್ತು, ಅದರಲ್ಲಿ ಹುಳುಕೇನೂ ಕಾಣುವುದಿಲ್ಲ. ವೈರಸ್ ಕೆಟ್ಟದ್ದು, ಆದ್ದರಿಂದ ವೈರಸ್ ನೆಗೆಟಿವ್ ಎಂದರೆ ಒಳ್ಳೆಯದು. ಮಾರ್ಜಿನ್ ಒಳ್ಳೆಯದು, ಇರಬೇಕಾದದ್ದು. ಆದ್ದರಿಂದ ಮಾರ್ಜಿನ್ ನೆಗೆಟಿವ್ ಎಂದರೆ ಮಾರ್ಜಿನ್ ಉಳಿಯಲಿಲ್ಲ. ಬ್ಲೇಡು ಅಕ್ಷರದ ಮೇಲೇ ಇಳಿದಿದೆ. ಅಂಥ ಪುಸ್ತಕಗಳನ್ನು ಅವರು ನೋಡಿದ್ದರು. ಸಾಲಿನ ಕೊನೆಯ ಅಕ್ಷರದ ಅರ್ಧ ಭಾಗ ಕೆಳಗಿನ ಚೂರುಗಳ ಬುಟ್ಟಿಯಲ್ಲಿ, ಇನ್ನರ್ಧ ಪುಟದಲ್ಲಿ. ಯಾವ ಬೈಂಡರೂ ಅದನ್ನು ಸರಿಮಾಡಲಾರ. ಗಡ್ಡೆಯ ಅರ್ಧ ಇನ್ನೂ ಒಳಗಿದೆ ಎಂದು ಅವರಿಗೆ ಅರ್ಥವಾಯಿತು. ಎಲ್ಲ ಸರಿಯಿದೆ ಎಂದು ಕಿರಿಯ ವೈದ್ಯರು ಅಂದದ್ದು ಹೊಲಿಗೆಯ ಬಗ್ಗೆ ಇರಬೇಕು.

ಅಂಚೆಯಕ್ಕ ಔಷಧಿಯ ಪೊಟ್ಟಣ ಹಿಡಿದು ಬಂದು ಏನಂತೆ ಎಂದು ಕೇಳಿದಾಗ ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸರಿಯಿದೆಯಂತೆ ಎಂದರು. ನಿಯಮ ಮುರಿದದ್ದು ಆಗ. ಪದ ಬರೆದವರನ್ನು ಕೇಳಲಿಲ್ಲ, ಓದಬೇಕಾದವರಿಗೆ ತೋರಿಸಲೂ ಇಲ್ಲ.

ಆರನೆಯ ವಾರಕ್ಕೆ ಅಂಗಡಿ ತೆರೆದರು. ಭಾರ ಎತ್ತಬಾರದು ಎಂದಿದ್ದರಿಂದ ರಟ್ಟಿನ ಹಾಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡಿದ್ದ ಪುಸ್ತಕಗಳಿಗೆ ಒಂದೊಂದಕ್ಕೂ ಚೀಟಿ ಅಂಟಿಸಿ ಯಾರದು, ಏನು ಬಾಕಿ ಎಂದು ಬರೆದರು. ದಬ್ಬಣಗಳನ್ನು ಒರೆಸಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರು. ಎರಡು ವರ್ಷದಿಂದ ಬಿಚ್ಚಿ ಬಿದ್ದಿದ್ದ, ಹೆಂಡತಿಯ ತಾಯಿಯ ಹಳೆಯ ನಿಘಂಟನ್ನು ಹೊಲಿದು, ಅಂಚಿಗೆ ಕೆಂಪು ಬಣ್ಣ ಬಳಿದು, ಕಪಾಟಿನಲ್ಲಿಟ್ಟರು. ಮನೆಯಲ್ಲಿ ಊಟ ಸರಿಯಾಗಿ ಮಾಡುತ್ತಿದ್ದರು, ಸರಿಯಾಗಿ ಮಲಗುತ್ತಿದ್ದರು, ಸಿಟ್ಟು ಕಡಿಮೆಯಾಗಿತ್ತು. ಈ ಕೊನೆಯದು ಅಂಚೆಯಕ್ಕನಿಗೆ ಇಷ್ಟವಾಗಲಿಲ್ಲ. ಆದರೂ ದೊಡ್ಡ ಚಿಕಿತ್ಸೆಯಾದ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಎಂದುಕೊಂಡರು.

ಸ್ಕ್ಯಾನಿನ ದಿನ ಅವರು ಹೆಂಡತಿಗೆ ರಜೆ ಹಾಕಬೇಡ ಎಂದರು. ಕಾಗದದ ಅಂಗಡಿಗೂ ಹೋಗುವುದಿದೆ, ಒಬ್ಬನೇ ಹೋಗಿಬರುತ್ತೇನೆ ಅಂದರು. ಹೋದದ್ದು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದವರೆಗೆ. ಅಲ್ಲಿನ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತರು. ಉಳಿದ ಅರ್ಧ ಎಷ್ಟು ಬೆಳೆದಿದೆ ಎಂದು ಚಿತ್ರ ತೆಗೆಸಿ ನೋಡಿ ಆಗಬೇಕಾದದ್ದೇನು ಎಂಬುದು ಅವರ ಪ್ರಶ್ನೆ. ಅವಳಿಗೆ ಗೊತ್ತಾಗುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು ಎಂಬುದು ಉತ್ತರ. ಮನೆಗೆ ಬಂದು, ಆಯ್ತು ಎಂದರು.

ಅದಾದ ನಾಲ್ಕನೆಯ ದಿನ ಕಾಲೇಜಿನ ಲೆಕ್ಕದ ಮೇಷ್ಟ್ರೊಬ್ಬರು ಅಂಚೆ ಕಚೇರಿಗೆ ಬಂದರು. ಅರ್ಧಿಂಚಣ್ಣನ ಹಳೆಯ ಗಿರಾಕಿ, ಹಳೆಯ ಎದುರಾಳಿ. ತಮ್ಮ ಪುಸ್ತಕಗಳು ಅಂಗಿಯ ಜೇಬಿನಲ್ಲಿ ಹಿಡಿಸಬೇಕೆಂಬುದು ಅವರ ಇಪ್ಪತ್ತು ವರ್ಷದ ಹಟ. ಅಂಚೆಯಕ್ಕನನ್ನು ಕಿಟಕಿಯ ಹತ್ತಿರ ಕರೆದು, ನಿಮ್ಮ ಯಜಮಾನರು ಹುಷಾರಾಗಿದ್ದಾರಾ ಎಂದು ವಿಚಾರಿಸಿದರು. ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟಿದ್ದ ಪುಸ್ತಕವನ್ನು ಕೇಳಲು ಮೊನ್ನೆ ಅಂಗಡಿಗೆ ಹೋಗಿ, ಜಗಳಕ್ಕೆ ಸಿದ್ಧವಾಗಿಯೇ, ಎಷ್ಟು ಸಾಧ್ಯವೋ ಅಷ್ಟು ಕತ್ತರಿಸಿ ಎಂದಿದ್ದರಂತೆ. ಅರ್ಧಿಂಚಣ್ಣ ಏನೂ ಅನ್ನದೆ ಕತ್ತರಿಸಿ ಕೊಟ್ಟರಂತೆ. ಅಳತೆಪಟ್ಟಿ ಇಟ್ಟೂ ನೋಡಲಿಲ್ಲವಂತೆ. ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. ಪುಟದ ಸಂಖ್ಯೆಗೂ ಅಂಚಿಗೂ ನಡುವೆ ಒಂದು ದಾರದಷ್ಟು ಜಾಗವಿತ್ತು. ನಾನು ಕೇಳಿದ್ದು ಇದೇ, ಆದರೆ ಮನಸ್ಸಿಗೆ ಸರಿ ಬರಲಿಲ್ಲ ಎಂದು ಹೇಳಿ ಹೋದರು.

ಅಂಚೆಯಕ್ಕ ಆ ದಿನದ ಉಳಿದ ಕಾಗದಗಳನ್ನು ಗೂಡಿಗೆ ಹಾಕಿ ಮುಗಿಸಿದರು. ಒಂದೂ ತಪ್ಪಲಿಲ್ಲ. ಮನೆಗೆ ಬಂದು ಆಸ್ಪತ್ರೆಯ ಕಾರ್ಡು ತೆಗೆದರು. ಪ್ರತಿ ಭೇಟಿಗೂ ತಾರೀಖಿನ ಪಕ್ಕ ಒಂದು ದುಂಡು ಮುದ್ರೆ ಬೀಳುತ್ತದೆ. ಇಪ್ಪತ್ತೊಂಬತ್ತು ವರ್ಷ ಮುದ್ರೆ ನೋಡಿದ ಕಣ್ಣು. ಕೊನೆಯ ತಾರೀಖಿನ ಪಕ್ಕ ಖಾಲಿಯಿತ್ತು. ನೀಲಿ ನೋಟ್‌ಬುಕ್ಕಿನ ಕೊನೆಯ ನಮೂದನ್ನೂ ನೋಡಿದರು. ಎಡಪುಟದಲ್ಲಿ ಮಾರ್ಜಿನ್ ನೆಗೆಟಿವ್. ಬಲಪುಟದಲ್ಲಿ, ಗಂಡನ ದುಂಡಗಿನ ಬರಹದಲ್ಲಿ, ಅಕ್ಷರಕ್ಕೆ ಬ್ಲೇಡು ತಾಗಿದೆ. ಅದರ ಮುಂದೆ ಏನೂ ಇರಲಿಲ್ಲ.

ಕಾರ್ಡು, ನೋಟ್‌ಬುಕ್ ಎರಡನ್ನೂ ಹಿಡಿದು ಅಂಗಡಿಗೆ ಹೋದರು. ಸಂಜೆಯ ಬಿಸಿಲು ರಟ್ಟಿನ ರಾಶಿಯ ಮೇಲಿತ್ತು. ಅರ್ಧಿಂಚಣ್ಣ ಗೋಂದಿನ ಕುಂಚ ತೊಳೆಯುತ್ತಿದ್ದರು. ಹೆಂಡತಿ ಎರಡನ್ನೂ ಮೇಜಿನ ಮೇಲಿಟ್ಟದ್ದನ್ನು ನೋಡಿ ಕುಂಚ ಕೆಳಗಿಟ್ಟರು. ಮಡಿಸಿಟ್ಟಿದ್ದ ಹಾಳೆಯನ್ನೂ ತೆಗೆದು ಪಕ್ಕದಲ್ಲಿಟ್ಟು, ಬೆಂಚಿನ ಮೇಲೆ ಕೂತು, ಎಲ್ಲವನ್ನೂ ಹೇಳಿದರು, ಬಸ್ ನಿಲ್ದಾಣವನ್ನೂ ಸೇರಿಸಿ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಂಚೆಯಕ್ಕ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದರು.

"ಇದರ ಅರ್ಥ ಯಾರನ್ನ ಕೇಳಿದ್ರಿ?"

"ಮಾರ್ಜಿನ್ ಅಂದ್ರೇನು ಅಂತ ನನಗೆ ಯಾರು ಹೇಳಿಕೊಡ್ಬೇಕೇ?"

"ಅದೇ ತೊಂದರೆ." ಅವರ ದನಿ ಏರಲಿಲ್ಲ. "ಗೊತ್ತಿಲ್ಲದ ಹೆಸರಿನ ಕಾಗದ ಯಾವತ್ತೂ ತಪ್ಪು ಗೂಡಿಗೆ ಹೋಗಲ್ಲ ರೀ. ನಾಲ್ಕು ಸಲ ಓದ್ತೀವಿ. ಓ, ಇವರಾ, ಗೊತ್ತು ಅಂತ ಮುಂದೆ ಓದದೆ ಹಾಕ್ತೀವಲ್ಲ, ಅದೇ ತಪ್ಪೋದು."

"ನಿನಗೆ ಇದರ ಅರ್ಥ ಗೊತ್ತಾ?"

"ಇಲ್ಲ. ನಿಮಗೂ ಗೊತ್ತಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದವರ ಹಾಗೆ, ನೀವು ಆಗಲೇ ದಬ್ಬಣ ಎಲ್ಲ ಸುತ್ತಿಟ್ಟಿದ್ದೀರಿ."

ಆಮೇಲೆ ಅವರು ಗಂಡನ ಪಕ್ಕ ಬೆಂಚಿನ ಮೇಲೆ ಕೂತರು. ನೀವು ಓದಿದ್ದೇ ಸರಿಯಿದ್ದರೂ ಇರಬಹುದು, ಇದ್ದರೆ ಇಬ್ಬರೂ ಕೂತು ತಿಳಿದುಕೊಳ್ಳೋಣ, ಒಬ್ಬರೇ ಬಸ್ ನಿಲ್ದಾಣದಲ್ಲಿ ಕೂತಲ್ಲ ಎಂದರು. ಇಷ್ಟು ಹೇಳಿ ಕಣ್ಣು ಒರೆಸಿಕೊಂಡರು, ಗೋಂದಿನ ವಾಸನೆ ಎಂದು ತಾವೇ ಸಮಜಾಯಿಷಿಯನ್ನೂ ಕೊಟ್ಟರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೇಡಂ ಶಸ್ತ್ರಚಿಕಿತ್ಸೆಯಲ್ಲಿದ್ದರು, ಮಧ್ಯಾಹ್ನದವರೆಗೆ ಸಿಗುವುದಿಲ್ಲ ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ಅಂಚೆಯಕ್ಕ ಕಾಯಲು ಒಪ್ಪಲಿಲ್ಲ. ಹಾಳೆಯ ಕೆಳಗೆ ವರದಿ ಸಂಖ್ಯೆಯೂ ಬರೆದವರ ಸಹಿಯೂ ಇತ್ತು. ಕಾಗದ ಅರ್ಥವಾಗದಿದ್ದರೆ ಬರೆದವರ ಹತ್ತಿರ ಹೋಗಬೇಕು. ಸಹಿ ಪೆಥಾಲಜಿಯದು, ಕತ್ತರಿಸಿ ತೆಗೆದದ್ದನ್ನು ಪರೀಕ್ಷಿಸುವ ವಿಭಾಗದ್ದು. ಕಾರಿಡಾರಿನ ಕೊನೆ, ಮೆಟ್ಟಿಲ ಕೆಳಗಿನ ನೆಲಮಾಳಿಗೆ.

ಬಾಗಿಲು ತೆರೆದವರು ನಿವೃತ್ತಿಗೆ ಹತ್ತಿರವಾದ ಒಬ್ಬ ವೈದ್ಯರು, ಕನ್ನಡಕ ಹಣೆಯ ಮೇಲಿತ್ತು. ಇಬ್ಬರನ್ನೂ ನೋಡಿ ದಾರಿ ತಪ್ಪಿ ಬಂದವರೆಂದು ಸ್ಕ್ಯಾನಿನ ಕೋಣೆಯ ಕಡೆ ಕೈ ತೋರಿಸಿದರು. ಅಂಚೆಯಕ್ಕ ಹಾಳೆಯನ್ನು ಮುಂದೆ ಹಿಡಿದು, ಈ ಸಹಿ ನಿಮ್ಮದಾ ಎಂದು ಕೇಳಿದರು. ಹೌದೆಂದರು. ಈ ಲಿವರು ಇವರದು ಎಂದರು ಅಂಚೆಯಕ್ಕ. ವೈದ್ಯರು ಕನ್ನಡಕ ಇಳಿಸಿ ಅರ್ಧಿಂಚಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಹತ್ತಿರ ಇಡೀ ಮನುಷ್ಯರು ಬರೋದು ಅಪರೂಪ, ಬನ್ನಿ ಎಂದು ಎರಡು ಸ್ಟೂಲು ಎಳೆದರು.

ಅವರು ಕಡತದಿಂದ ಪೂರ್ತಿ ವರದಿ ತೆಗೆದರು, ಮೂರು ಪುಟ. ಅಲಮಾರಿಯ ಡ್ರಾಯರಿನಿಂದ ಗಾಜಿನ ಪಟ್ಟಿಗಳ ಒಂದು ತಟ್ಟೆ ತಂದರು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ತುಂಡು ಬಂದಾಗ ಏನು ಮಾಡುತ್ತೇವೆಂದು ಹೇಳತೊಡಗಿದರು. ಮೊದಲ ಕೆಲಸ, ಸರ್ಜನ್ ಕತ್ತರಿಸಿದ ಮುಖಕ್ಕೆ ಕಪ್ಪು ಶಾಯಿ ಬಳಿಯುವುದು. ಆಮೇಲೆ ತುಂಡನ್ನು ಹೋಳು ಹೋಳಾಗಿ ಸೀಳಿ, ಕೂದಲಿಗಿಂತ ತೆಳ್ಳಗಿನ ಪದರ ತೆಗೆದು, ಗಾಜಿನ ಮೇಲೆ ಹರಡಿ ನೋಡುವುದು. ಹೇಗೆ ಸೀಳಿದರೂ ಶಾಯಿ ಇರುವ ಕಡೆ ಅಂಚು ಎಂದು ಗೊತ್ತಾಗುತ್ತದೆ.

ಅರ್ಧಿಂಚಣ್ಣ ಮುಂದಕ್ಕೆ ಬಾಗಿದರು. ಅಂಚಿಗೆ ಬಣ್ಣ ನಾವೂ ಬಳಿಯುತ್ತೇವೆ, ನಿಘಂಟುಗಳಿಗೆ ಎಂದರು.

ವೈದ್ಯರು ಒಂದು ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಜಾಗ ಬಿಟ್ಟುಕೊಟ್ಟರು. ಅರ್ಧಿಂಚಣ್ಣ ಒಂದು ಕಣ್ಣು ಮುಚ್ಚಿ ನೋಡಿದರು. ನಸುಗೆಂಪು ಬಯಲು, ಸಾಲಾಗಿ ಜೋಡಿಸಿದಂಥ ಕಣಗಳು, ಒಂದು ಬದಿಯಲ್ಲಿ ಕಪ್ಪು ಗೆರೆ. ಗೆರೆಯ ಪಕ್ಕದ ಕಣಗಳನ್ನು ನೋಡಿ, ಅವು ಒಳ್ಳೆಯವು, ನಿಮ್ಮ ಆರೋಗ್ಯದ ಲಿವರು ಎಂದರು ವೈದ್ಯರು. ಗಾಜನ್ನು ನಿಧಾನವಾಗಿ ಸರಿಸಿದರು. ಬಯಲು ಮುಂದುವರಿಯಿತು. ಮತ್ತೂ ಮುಂದುವರಿಯಿತು. ಬಹಳ ಹೊತ್ತಿನ ಮೇಲೆ ಕಣಗಳ ಸಾಲು ಕೆಟ್ಟು, ಗಾಢ ಬಣ್ಣದ ಗುಂಪುಗಳು ಬಂದವು. ಅದು ಕ್ಯಾನ್ಸರ್ ಎಂದರು.

"ಇದು ಶಾಯಿಯವರೆಗೆ ಬಂದಿದ್ದರೆ ಮಾರ್ಜಿನ್ ಪಾಸಿಟಿವ್ ಅಂತ ಬರೀತಿದ್ದೆ. ಬಂದಿಲ್ಲ. ಅದಕ್ಕೇ ನೆಗೆಟಿವ್."

ಅರ್ಧಿಂಚಣ್ಣ ಕಣ್ಣು ತೆಗೆಯಲಿಲ್ಲ. "ಹಾಗಾದ್ರೆ ಇಲ್ಲದೇ ಇರೋದು ಮಾರ್ಜಿನ್ ಅಲ್ಲ."

"ಮಾರ್ಜಿನ್ ಇದೆ. ಅದರಲ್ಲಿ ಕ್ಯಾನ್ಸರ್ ಇಲ್ಲ."

"ಎಷ್ಟಿದೆ?"

ವೈದ್ಯರು ವರದಿಯ ಎರಡನೆಯ ಪುಟ ತಿರುಗಿಸಿ ಬೆರಳಿಟ್ಟು ಓದಿದರು. ಎಲ್ಲಕ್ಕಿಂತ ಹತ್ತಿರವಿರುವ ಕಡೆ ಒಂದು ಪಾಯಿಂಟ್ ಮೂರು ಸೆಂಟಿಮೀಟರ್.

ಅರ್ಧಿಂಚಣ್ಣ ಅಂಗಿಯ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದರು. ಒಂದು ಬದಿಗೆ ಸೆಂಟಿಮೀಟರ್, ಇನ್ನೊಂದು ಬದಿಗೆ ಇಂಚು. ಒಂದು ಪಾಯಿಂಟ್ ಮೂರರ ಮೇಲೆ ಹೆಬ್ಬೆರಳಿನ ಉಗುರಿಟ್ಟು, ಆಚೆ ಬದಿ ನೋಡಿದರು. ಅಳತೆ ಅವರಿಗೆ ಬಾಯಿಪಾಠವಿತ್ತು, ಆದರೂ ನೋಡಿದರು.

"ಅರ್ಧ ಇಂಚು," ಅಂದರು. "ಒಂದು ಕೂದಲೆಳೆ ಜಾಸ್ತಿ."

ಅಂಚೆಯಕ್ಕ ಆಗ ಅತ್ತರು, ಗೋಂದಿನ ನೆಪವಿಲ್ಲದೆ. ವೈದ್ಯರಿಗೆ ಅರ್ಧ ಇಂಚಿನ ಕತೆ ಗೊತ್ತಿರಲಿಲ್ಲ. ಅವರು ಎದ್ದು ನೀರು ತಂದುಕೊಟ್ಟರು, ಸ್ಕ್ಯಾನ್ ಆಯಿತೇ ಎಂದು ವಿಚಾರಿಸಿದರು. ಆಗಿಲ್ಲವೆಂದು ತಿಳಿದಾಗ ಅವರ ಮುಖ ಗಂಭೀರವಾಯಿತು. ಅಂಚು ಶುದ್ಧವಾಗಿದ್ದರೆ ಆ ಗಡ್ಡೆ ಪೂರ್ತಿ ಹೊರಬಂದಿದೆ ಎಂದು ಅರ್ಥ, ಇನ್ನೊಂದು ಹುಟ್ಟುವುದಿಲ್ಲ ಎಂದಲ್ಲ. ವೈರಸ್ ಇನ್ನೂ ಇದೆ, ಅದರ ಮಾತ್ರೆ ಬಿಡಬಾರದು, ಮೂರು ತಿಂಗಳಿಗೊಮ್ಮೆ ನೋಡಿಸುತ್ತಿರಬೇಕು, ಬೇಗ ಕಂಡರೆ ಮಾಡುವುದಕ್ಕೆ ದಾರಿಗಳಿರುತ್ತವೆ ಎಂದು ವಿವರಿಸಿದರು. ಫೋನಿನಲ್ಲಿ ಮಾತಾಡಿ ಅದೇ ದಿನದ ಸ್ಕ್ಯಾನಿಗೆ ಜಾಗವನ್ನೂ ಮಾಡಿಕೊಟ್ಟರು.

ಮಧ್ಯಾಹ್ನ ಮೇಡಂ ಚಿತ್ರ ನೋಡಿದರು. ಹೊಸ ಕಲೆ ಯಾವುದೂ ಇರಲಿಲ್ಲ. ಉಳಿದ ಯಕೃತ್ತು ಬೆಳೆಯುತ್ತಿತ್ತು. ಮಾರ್ಜಿನ್ನಿನ ವಿಷಯ ಕೇಳಿ ಅವರು, ಆ ಸಾಲನ್ನು ಬಿಡಿಸಿ ಹೇಳುವುದು ನಮ್ಮ ಕೆಲಸವಾಗಿತ್ತು, ಇನ್ನು ಮೇಲೆ ಹಾಳೆ ಕೊಡುವಾಗ ಅರ್ಥವನ್ನೂ ಬರೆದುಕೊಡಲು ಹೇಳುತ್ತೇನೆ ಎಂದರು. ಕಾರ್ಡಿಗೆ ಮುದ್ರೆ ಬಿತ್ತು. ಅಂಚೆಯಕ್ಕ ಅದನ್ನು ಬೆಳಕಿಗೆ ಹಿಡಿದು, ತಾರೀಖು ಸರಿಯಾಗಿ ಮೂಡಿದೆಯೇ ನೋಡಿ, ಕಾರ್ಡನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡರು.

ನೋಟ್‌ಬುಕ್ಕಿನ ಆ ತಪ್ಪು ಪುಟವನ್ನು ಹರಿದು ಹಾಕಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಅರ್ಧಿಂಚಣ್ಣ ಒಪ್ಪಲಿಲ್ಲ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ದಾರದ ಆಚೆಗಿರುವ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಅಕ್ಷರಕ್ಕೆ ಬ್ಲೇಡು ತಾಗಿದೆ ಎಂಬುದರ ಮೇಲೆ ಅಳತೆಪಟ್ಟಿ ಇಟ್ಟು ಒಂದೇ ಗೆರೆ ಎಳೆದು, ಕೆಳಗೆ ಬರೆದರು: ಅಂಚು ಶುದ್ಧ. ಮುಂದಿನ ಎಡಪುಟದಲ್ಲಿ ವೈದ್ಯರಿಂದ ಕೇಳಿದ ಹೊಸ ಪದ, ರಿಕರೆನ್ಸ್. ಬಲಪುಟದಲ್ಲಿ, ಮತ್ತೆ ಬರುವುದು; ಬರಬಹುದು, ಬರದೆಯೂ ಇರಬಹುದು; ನೋಡುತ್ತಿರಬೇಕು. ಇಷ್ಟು ಸಾಕಾ ಎಂದು ಹೆಂಡತಿಯನ್ನು ಕೇಳಿದರು. ಅಂಚೆಯಕ್ಕ ಓದಿ ನೋಡಿ, ಕೊನೆಗೆ ಇಬ್ಬರೂ ಎಂದು ಸೇರಿಸಿ ಅಂದರು. ಸೇರಿಸಿ ಬರೆದರು.

ಆ ವಾರದ ಕೊನೆಯಲ್ಲಿ ಲೆಕ್ಕದ ಮೇಷ್ಟ್ರು ಇನ್ನೊಂದು ಪುಸ್ತಕ ಹಿಡಿದು ಅಂಗಡಿಗೆ ಬಂದರು. ಮೇಜಿನ ಮೇಲಿಟ್ಟು, ಹೇಳಿದರೆ ಏನಾಗುತ್ತದೋ ಎಂಬಂತೆ ಸ್ವಲ್ಪ ತಡೆದು, ಆದಷ್ಟು ಕತ್ತರಿಸಿ ಎಂದರು. ಅರ್ಧಿಂಚಣ್ಣ ಬಟ್ಟೆಯಲ್ಲಿ ಸುತ್ತಿದ್ದ ದಬ್ಬಣಗಳನ್ನು ಒಂದೊಂದಾಗಿ ಬಿಚ್ಚಿ ಗೋಡೆಯ ಪಟ್ಟಿಗೆ ಸಿಕ್ಕಿಸುತ್ತಿದ್ದರು. ಅದನ್ನು ಮುಗಿಸಿ, ಅಳತೆಪಟ್ಟಿ ತೆಗೆದು ಪುಟದ ಮೇಲಿಟ್ಟರು.

"ಓದುವಾಗ ಹೆಬ್ಬೆರಳು ಎಲ್ಲಿಡ್ತೀರಿ ಮೇಷ್ಟ್ರೇ?"

ಮೇಷ್ಟ್ರು ನೆಮ್ಮದಿಯಿಂದ ಸ್ಟೂಲು ಎಳೆದು ಕೂತು, ಜಗಳ ಶುರುಮಾಡಿದರು.